ಬೆಟ್ಟವಲ್ಲದ ಬೆಟ್ಟ

ಪ್ರಕೃತಿಯನ್ನು ಕುರಿತು ಪಾಠ ಹೇಳುವುದು ಕನ್ನಡ ಅಧ್ಯಾಪಕನ ಪಾಲಿಗೆ ಬಹಳ ಸುಲಭವಾದ ಕೆಲಸ. ಪಂಪನ ಬನವಾಸಿಯಿಂದ ಹೊರಟು ಕುವೆಂಪು ಅವರ ಮಲೆನಾಡನ್ನು ಮುಟ್ಟುವವರೆಗೆ ದಾರಿಯುದ್ದಕ್ಕೂ ಹಸುರು, ನೆರಳು, ನೀರಿನ ಸದ್ದು. ಹೇಳುವವನಿಗೆ ದಣಿವಿಲ್ಲ, ಕೇಳುವವರಿಗೆ ಬೇಸರವಿಲ್ಲ. ತೊಡಕೇನಿದ್ದರೂ ಗಂಟೆ ಹೊಡೆದು ಹೊರಗೆ ಬಂದ ಮೇಲೆ. ನಾನು ಪಾಠ ಹೇಳುವುದು ಬಂಗಾರಪೇಟೆಯಲ್ಲಿ. ಇಲ್ಲಿ ಕಣ್ಣಿಗೆ ಬೀಳುವುದು ರಾಗಿಯ ಹೊಲ, ಹುಣಿಸೆಯ ಮರ, ನೀಲಗಿರಿ ತೋಪು, ಬಿಸಿಲಿಗೆ ಕಾದ ಬಂಡೆ. ತರಗತಿಯಲ್ಲಿ ಕುಳಿತವರಲ್ಲಿ ಅನೇಕರು ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ ಕಡೆಯಿಂದ ಬೆಳಗಿನ ರೈಲಿನಲ್ಲಿ ಬಂದವರು. ಮನೆಯಲ್ಲಿ ತಮಿಳು, ಕಾಲೇಜಿನಲ್ಲಿ ಕನ್ನಡ. ಅವರು ಹುಟ್ಟಿದಂದಿನಿಂದ ನೋಡಿರುವ ಬೆಟ್ಟ ಯಾವುದೆಂಬುದನ್ನು ನಾನು ಹಲವು ವರ್ಷ ಕೇಳಲೇ ಇಲ್ಲ.

ಒಂದು ವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕಾಗಿ ಚಿತ್ರಸ್ಪರ್ಧೆಯೊಂದನ್ನು ಏರ್ಪಡಿಸಿದ್ದೆವು. ವಿಷಯವನ್ನು ಸೂಚಿಸಿದವನು ನಾನೇ: ‘ಪ್ರಕೃತಿ ಮತ್ತು ದೈವ’. ತೀರ್ಪುಗಾರನೂ ನಾನೇ. ಬಹುಮಾನ ಬಂದದ್ದು ಒಂದು ಜಲಪಾತದ ಚಿತ್ರಕ್ಕೆ. ಕೆಳಗೆ ಋಷ್ಯಾಶ್ರಮ, ಒಂದು ಜಿಂಕೆ, ಮೇಲೆ ಉದಯಸೂರ್ಯ. ಬರೆದ ಹುಡುಗ ಜಲಪಾತವನ್ನು ನೋಡಿದ್ದವನಲ್ಲ. ಅವನ ಮನೆಯ ಕ್ಯಾಲೆಂಡರು ನೋಡಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ, ಏಕೆಂದರೆ ನನ್ನ ಮನಸ್ಸಿನಲ್ಲಿದ್ದ ‘ಪ್ರಕೃತಿ’ಯೂ ಹಾಗೆಯೇ ಇತ್ತು.

ಬಹುಮಾನ ಬಾರದ ಚಿತ್ರಗಳಲ್ಲಿ ಒಂದು ಚಾಂಪಿಯನ್ ಕಡೆಯ ಹುಡುಗಿಯದು. ಬಣ್ಣ ಕೊಂಡಿರಲಿಲ್ಲ. ಕೆಮ್ಮಣ್ಣು, ಇದ್ದಿಲು, ಬೂದಿಯನ್ನು ಅಂಟಿನಲ್ಲಿ ಕಲಸಿ ಬಳಿದಿದ್ದಳು. ಹಾಳೆಯ ಮೇಲರ್ಧದಲ್ಲಿ ಬೂದುಬಣ್ಣದ, ಮರವಿಲ್ಲದ, ಮಳೆ ಕೊರೆದ ಕೊರಕಲುಗಳ ಒಂದು ಗುಡ್ಡ. ಅದರ ಬುಡದಿಂದ ಕೆಳಕ್ಕೆ ನೆಟ್ಟಗೆ ಇಳಿದ ಒಂದು ಕಪ್ಪು ಗೆರೆ. ಗೆರೆಯ ತುದಿಯಲ್ಲಿ ಒಂದು ಸಣ್ಣ ದೀಪ. ಗುಡ್ಡ ಯಾವುದೆಂದು ತಿಳಿಯುವುದಕ್ಕೆ ನನಗೆ ಕಷ್ಟವಾಗಲಿಲ್ಲ. ಅದು ಸೈನೈಡ್ ಗುಡ್ಡ.

“ಇದೇನಮ್ಮ, ಈ ದೀಪ?” ಎಂದೆ.

“ನಮ್ಮ ತಾತ, ಸರ್.”

ತಾತ ಗಣಿಯಲ್ಲಿ ಕೆಲಸ ಮಾಡಿದವರಂತೆ. ಪ್ರತಿದಿನ ಕೆಳಗಿಳಿಯುವ ಪಂಜರವನ್ನು ಹತ್ತುವ ಮೊದಲು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರಂತೆ. ‘ಹೊಟ್ಟೆಯೊಳಗೆ ಬರ್ತಿದೀನಿ, ಸಂಜೆಗೆ ಬಿಟ್ಟುಕೊಡಮ್ಮ’ ಎಂದು ಕೇಳಿಕೊಳ್ಳುತ್ತಿದ್ದರಂತೆ. “ಆ ಗುಡ್ಡ ತಾತ ಒಳಗಿಂದ ತೆಗೆದದ್ದು ಸರ್. ಚಿನ್ನ ಬೇರೆಯವರು ತಗೊಂಡು ಹೋದ್ರು. ಉಳಿದದ್ದು ಇದು” ಎಂದಳು.

ನಾನು, ಅಧ್ಯಾಪಕರು ಹೇಳುವ ಧಾಟಿಯಲ್ಲೇ ಹೇಳಿದೆ: “ಅದು ಪ್ರಕೃತಿಯಲ್ಲಮ್ಮ, ಕಾರ್ಖಾನೆಯ ಕಸ. ವಿಷ. ಅದಕ್ಕೂ ದೈವಕ್ಕೂ ಏನು ಸಂಬಂಧ?”

“ಆಯ್ತು ಸರ್” ಎಂದು ಚಿತ್ರವನ್ನು ಸುತ್ತಿಕೊಂಡು ಹೋದಳು.

ಈ ಲೇಖನ, ನಾನು ಅಂದು ಆಡಿದ ಆ ಮಾತು ಸರಿಯೆ ತಪ್ಪೆ ಎಂಬ ವಿಚಾರ. ಓದುಗರು ಇದನ್ನು ಸ್ವಂತ ಸಂಕಟವೆಂದು ತಳ್ಳಿಹಾಕಬಾರದಾಗಿ ಪ್ರಾರ್ಥನೆ. ಮನುಷ್ಯನಿಗೂ ನಿಸರ್ಗಕ್ಕೂ ಇರುವ ಆಂತರಿಕ ಸಂಬಂಧವನ್ನು ಕಲೆಯಲ್ಲಿ ತರಬೇಕೆನ್ನುವವರು ಇಂದು ಬಹಳ ಮಂದಿ ಇದ್ದಾರೆ. ಆ ನಿಸರ್ಗ ಯಾವುದು, ಆ ಸಂಬಂಧ ಎಂಥದು ಎಂಬುದನ್ನು ತೀರ್ಮಾನಿಸುವವರು ಯಾರು? ಪ್ರಶ್ನೆ ಅಲ್ಲಿದೆ.

ಮೊದಲು ನನ್ನ ಮಾತಿನಲ್ಲಿದ್ದ ನಿಜವನ್ನು ಒಪ್ಪಿಕೊಳ್ಳೋಣ. ಸೈನೈಡ್ ಗುಡ್ಡ ಬೆಟ್ಟವಲ್ಲ ಎಂಬುದರಲ್ಲಿ ಸಂದೇಹವಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸವನ್ನು ಕೈಗೆತ್ತಿಕೊಂಡಾಗ ಆ ಗುಡ್ಡಗಳಿರಲಿಲ್ಲ. ನೆಲದಾಳದಿಂದ ತಂದ ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಮಡ್ಡಿಯನ್ನು ಊರ ಪಕ್ಕದಲ್ಲೇ ಸುರಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ವೇಳೆಗೆ ಈ ನೆಲದಿಂದ ಹೊರಬಂದ ಚಿನ್ನ ಸುಮಾರು 800 ಟನ್ನು. ಇಲ್ಲಿಯೇ ಉಳಿದ ಮಡ್ಡಿ ಮೂರು ಕೋಟಿ ಟನ್ನಿಗೂ ಹೆಚ್ಚು. ಬೇಸಗೆಯ ಗಾಳಿಗೆ ಅದರ ದೂಳು ಎದ್ದು ಮನೆಗಳ ಮೇಲೆ ಬೀಳುತ್ತದೆ. ಒಗೆದ ಬಟ್ಟೆಯ ಮೇಲೆ, ಮುಚ್ಚದ ಬಿಂದಿಗೆಯ ಮೇಲೆ, ಮಲಗಿದ ಮಗುವಿನ ಮುಖದ ಮೇಲೆ. ಇಂಥದ್ದನ್ನು ದೈವವೆನ್ನುವುದು ಅನ್ಯಾಯಕ್ಕೆ ಕುಂಕುಮ ಹಚ್ಚಿದಂತಲ್ಲವೆ? ಹೀಗೆ ಕೇಳುವವರನ್ನು ನಾನು ಗೌರವಿಸುತ್ತೇನೆ.

ಆದರೆ ಈ ವಾದದ ಜೊತೆಗೆ ನನ್ನ ಮಾತಿನಲ್ಲಿ ಇನ್ನೊಂದು ವಾದ ಅಡಗಿತ್ತು. ಮನುಷ್ಯನ ಕೈ ಸೋಕದ ಕಡೆ ಮಾತ್ರ ಪ್ರಕೃತಿ, ಅಲ್ಲಿ ಮಾತ್ರ ದೈವ ಎಂಬುದು ಅದು. ಇದು ನಮ್ಮ ಹಿರಿಯರಿಂದ ಬಂದ ಮಾತೆಂದು ನಾನು ಭ್ರಮಿಸಿದ್ದೆ. ಯೋಚಿಸಿದರೆ ಹಾಗಲ್ಲ. ವರ್ಡ್ಸ್‌ವರ್ತ್ ಮೊದಲಾದ ಇಂಗ್ಲಿಷ್ ಕವಿಗಳು ಹೊಗೆಯ ಪಟ್ಟಣಗಳಿಂದ ಬೇಸತ್ತು ಸರೋವರದ ದಂಡೆಗೆ ನಡೆದರು. ಅವರ ಕಾಲಕ್ಕೆ ಅದು ಸಹಜವಾದ ನಡಿಗೆ. ಬಿ.ಎಂ.ಶ್ರೀ. ಅವರ ಮೂಲಕ ಆ ಕಾವ್ಯದ ರುಚಿ ನಮಗೆ ಹತ್ತಿತು, ಒಳ್ಳೆಯದೇ ಆಯಿತು. ಆ ರುಚಿಯೊಂದೇ ರುಚಿಯೆಂದು ತಿಳಿದದ್ದು ಮಾತ್ರ ನಮ್ಮಂಥ ಅಧ್ಯಾಪಕರ ಸೋಮಾರಿತನ.

ನಮ್ಮ ಸೀಮೆಯ ಜನ ನಿಸರ್ಗವನ್ನು ಹೇಗೆ ಕಂಡಿದ್ದಾರೆ ನೋಡಿ. ಕೋಲಾರದ ಸೀಮೆಯಲ್ಲಿ ದೊಡ್ಡ ನದಿಯಿಲ್ಲ. ಪಾಲಾರ್ ಇದೆ, ಮಳೆ ಬಂದರೆ ನದಿ, ಬಾರದಿದ್ದರೆ ಮರಳು. ಆದುದರಿಂದ ನಮ್ಮವರು ಪೂಜಿಸಿದ ನೀರು ಕೆರೆಯ ನೀರು. ಕೆರೆಯೆಂದರೇನು? ಮನುಷ್ಯನೇ ಮಣ್ಣು ಹೊತ್ತು ಕಟ್ಟಿದ್ದು. ಏರಿ ಕಟ್ಟಿದವನೇ ಏರಿಯ ಮೇಲೆ ಗಂಗಮ್ಮನನ್ನೂ ಕೂರಿಸಿದ. ತಾನು ಕಟ್ಟಿದ್ದೆಂಬ ಕಾರಣಕ್ಕೆ ಅವನ ಭಕ್ತಿ ಕಡಿಮೆಯಾಗಲಿಲ್ಲ. ಕಣದಲ್ಲಿ ರಾಗಿಯ ರಾಶಿ ಬಿದ್ದಾಗ ರೈತ ಸಗಣಿಯ ಉಂಡೆ ಮಾಡಿ, ಗರಿಕೆ ಸಿಕ್ಕಿಸಿ, ಬೆನಕನೆಂದು ಕೈಮುಗಿಯುತ್ತಾನೆ. ಸಗಣಿ ಕೊಟ್ಟಿಗೆಯದು, ಗರಿಕೆ ಬದುವಿನದು, ರಾಗಿ ಅವನ ಬೆವರಿನದು. ಕರಗದ ಹಬ್ಬದಲ್ಲಿ ಸುಡದ ಹಸಿ ಮಣ್ಣಿನ ಕುಂಭವನ್ನು ತಲೆಯ ಮೇಲಿಟ್ಟು ಕುಣಿಯುತ್ತಾರೆ. ಹಬ್ಬ ಮುಗಿದ ಮೇಲೆ ಅದನ್ನು ನೀರಿಗೆ ಒಪ್ಪಿಸುತ್ತಾರೆ. ಇವೆಲ್ಲ ಕಲೆಯೂ ಹೌದು, ಆರಾಧನೆಯೂ ಹೌದು. ಇವುಗಳಲ್ಲಿ ಒಂದರಲ್ಲಿಯೂ ನಿಸರ್ಗವೆಂಬುದು ದೂರದಲ್ಲಿ ನಿಂತು ನೋಡಬೇಕಾದ ನೋಟವಲ್ಲ. ಅದು ಕೈಗೆ ಮೆತ್ತಿಕೊಂಡದ್ದು.

ಇಲ್ಲಿ ಒಂದು ಭೇದವನ್ನು ಗುರುತಿಸಬೇಕೆಂದು ನನಗೆ ತೋರುತ್ತದೆ. ನಿಸರ್ಗದ ಮುಂದೆ ಮನುಷ್ಯ ನಿಲ್ಲುವುದು ಎರಡು ಬಗೆಯಾಗಿ. ಒಂದು ಪ್ರೇಕ್ಷಕನಾಗಿ, ಇನ್ನೊಂದು ಸಾಲಗಾರನಾಗಿ. ಪ್ರೇಕ್ಷಕನಿಗೆ ಬೇಕಾದದ್ದು ಸೌಂದರ್ಯ. ಅದು ದೊರೆತರೆ ಹಿಗ್ಗುತ್ತಾನೆ, ದೊರೆಯದಿದ್ದರೆ ರೈಲು ಹತ್ತಿ ಬೇರೆ ಕಡೆ ಹೋಗುತ್ತಾನೆ. ಸಾಲಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ತೆಗೆದುಕೊಂಡವನು, ತೆಗೆದುಕೊಂಡದ್ದು ಅವನ ಮೈಯಲ್ಲಿದೆ. ನಮ್ಮ ಶಾಸ್ತ್ರಗಳು ದೇವಋಣ, ಋಷಿಋಣ, ಪಿತೃಋಣ ಎಂದು ಹೇಳುತ್ತವೆ. ಮನುಷ್ಯ ಹುಟ್ಟುವುದೇ ಋಣದಲ್ಲಿ ಎಂಬುದು ಅದರ ತಾತ್ಪರ್ಯ. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ ಆ ಗಣಿಯ ತಾತ ಶಾಸ್ತ್ರ ಓದಿದವನಲ್ಲ. ಆದರೆ ತಾನು ಒಳಗೆ ಹೋಗಿ ಕೀಳುತ್ತಿರುವುದು ಮತ್ತೊಬ್ಬಳ ಒಡಲನ್ನು ಎಂಬ ಅರಿವು ಅವನಿಗಿತ್ತು. ಚಿನ್ನದ ಒಡವೆ ತೊಟ್ಟು ಮೆರೆದವರಲ್ಲಿ ಆ ಅರಿವು ಎಷ್ಟು ಮಂದಿಗಿತ್ತು?

ಅವನು ಇಳಿದದ್ದು ಸಾಮಾನ್ಯವಾದ ಆಳಕ್ಕೂ ಅಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರನ್ನು ಮೀರಿ ಇಳಿದು, ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿಕೊಂಡಿತು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಮೇಲಿನ ಭಾರ ತಾಳಲಾರದೆ ಬಂಡೆ ಒಮ್ಮೊಮ್ಮೆ ತಾನಾಗಿಯೇ ಸಿಡಿಯುತ್ತದೆ. ಸಿಡಿದು ಪ್ರಾಣ ತೆಗೆದದ್ದುಂಟು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 92 ಮೈಲಿ ದೂರ ತಂತಿಯೆಳೆದು ಇಲ್ಲಿಗೆ ವಿದ್ಯುತ್ತನ್ನು ತಂದರು. ಬೇತಮಂಗಲದ ನೀರು ಬಂತು, ಉತ್ತರ ಆರ್ಕಾಡಿನಿಂದ ಕೂಲಿಗಳು ಬಂದರು. ನದಿ, ಕೆರೆ, ಮನುಷ್ಯ ಎಲ್ಲವೂ ಆ ಒಂದು ರಂಧ್ರದೊಳಕ್ಕೆ ಹರಿಯಿತು. ಅದರ ಬಾಯಲ್ಲಿ ನಿಂತವನಿಗೆ ಹುಟ್ಟುವ ಭಾವ ಮಲೆನಾಡಿನ ಸೂರ್ಯಾಸ್ತ ನೋಡುವವನ ಶಾಂತವಲ್ಲ. ಅದರಲ್ಲಿ ಭಯವಿದೆ, ಅದ್ಭುತವಿದೆ, ಕರುಣವೂ ಇದೆ. ಈ ಮೂರೂ ಸೇರಿದ ಕಡೆ ದೈವದ ಮಾತು ಬರಬಾರದೆಂದು ಯಾವ ಲಕ್ಷಣಕಾರ ಹೇಳಿದ್ದಾನೆ?

ಇನ್ನೊಂದು ಸಂಗತಿ. 1965ರಲ್ಲಿ ಇದೇ ಗಣಿಯ ಆಳದಲ್ಲಿ ಕುಳಿತು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾನಿಲಯಗಳವರೊಡನೆ ಕೂಡಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮಕಣದ ಸುಳಿವನ್ನು ಹಿಡಿದರು. ಆಕಾಶದಿಂದ ಬರುವುದನ್ನು ಕಾಣುವುದಕ್ಕೆ ಪಾತಾಳಕ್ಕಿಳಿಯಬೇಕಾಯಿತು. ಮೇಲೆ ಬೇರೆ ಕಿರಣಗಳ ಗದ್ದಲ ಬಹಳವಂತೆ. ಈ ಸಂಗತಿಯನ್ನು ನಾನು ತರಗತಿಯಲ್ಲಿ ಹೇಳಿದಾಗ ಹುಡುಗರ ಮುಖದಲ್ಲಿ ಕಂಡ ವಿಸ್ಮಯ ಯಾವ ಜಲಪಾತದ ವರ್ಣನೆಗೂ ಮೂಡಿದ್ದಿಲ್ಲ. ತಮ್ಮ ಊರಿನ ಗಣಿಯೊಳಗೂ ವಿಶ್ವ ಬಂದು ಹೋಗುತ್ತಿತ್ತೆಂದು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಚೀನಾ ದೇಶದವರು ನಿಸರ್ಗಚಿತ್ರಕ್ಕೆ ‘ಬೆಟ್ಟ-ನೀರು’ ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಆ ಚಿತ್ರಗಳಲ್ಲಿ ಬಹುಪಾಲು ಎಲ್ಲೋ ಒಂದು ಮೂಲೆಯಲ್ಲಿ ಕಡ್ಡಿಯಷ್ಟು ಸಣ್ಣ ಮನುಷ್ಯನಿರುತ್ತಾನೆ. ದೋಣಿಯಲ್ಲೋ ಸೇತುವೆಯ ಮೇಲೋ. ಅವನನ್ನು ಕಂಡ ಮೇಲೆಯೇ ಬೆಟ್ಟದ ಅಳತೆ ನಮಗೆ ತಿಳಿಯುವುದು. ಆ ಹುಡುಗಿಯ ಚಿತ್ರದಲ್ಲಿ ತುದಿಯಲ್ಲಿದ್ದ ದೀಪವೂ ಅದೇ ಕೆಲಸ ಮಾಡುತ್ತಿತ್ತೆಂದು ನನಗೆ ಈಗ ಹೊಳೆಯುತ್ತದೆ. ಅಂದು ಹೊಳೆಯಲಿಲ್ಲ.

ಹಾಗಾದರೆ ಗುಡ್ಡವನ್ನು ಬರೆದುದೆಲ್ಲ ಕಲೆಯೆ? ಅದೂ ಅಲ್ಲ. ಈ ಗುಡ್ಡಗಳ ಮೇಲೆ ಸಿನಿಮಾದವರಿಗೆ ಬಹಳ ಪ್ರೀತಿ. 2018ರಲ್ಲಿ ತೆರೆಗೆ ಬಂದ ‘ಕೆ.ಜಿ.ಎಫ್.’ ಚಿತ್ರ ದೇಶಕ್ಕೆಲ್ಲ ಈ ಊರಿನ ಹೆಸರನ್ನು ಪರಿಚಯಿಸಿತು. ಅದರಲ್ಲಿ ನೆಲವೆಂಬುದು ವೀರನ ಹಿಂದಿನ ಪರದೆ. ಪರದೆ ಚೆನ್ನಾಗಿದೆ, ಪರದೆಗೆ ಮಾತಿಲ್ಲ. 2024ರಲ್ಲಿ ಬಂದ ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ ಇದೇ ನೆಲದಲ್ಲಿ ಚಿನ್ನ ಅಗೆಯಲು ಬಂದ ಬಡವರ ಕಥೆ. ಅಲ್ಲಿ ಚಿನ್ನವನ್ನು ಕಾಯುವ ಶಕ್ತಿಯೊಬ್ಬಳಿದ್ದಾಳೆ, ಅಗೆಯುವವನ ಒಳಗೆ ದಿಗಿಲಿದೆ. ಕಥೆಯ ಗುಣದೋಷ ಇರಲಿ, ಅಗೆಯುವವನಿಗೂ ನೆಲಕ್ಕೂ ನಡುವೆ ಒಂದು ಲೆಕ್ಕವಿದೆಯೆಂಬುದನ್ನು ಅದು ಮರೆಯಲಿಲ್ಲ. ನಾನು ಹೇಳುವ ವ್ಯತ್ಯಾಸ ಇಷ್ಟೇ: ಒಂದರಲ್ಲಿ ನೆಲ ನೋಟವಾಗುತ್ತದೆ, ಇನ್ನೊಂದರಲ್ಲಿ ನೆಲ ಕೇಳುತ್ತದೆ.

ಕೋಲಾರದ ಬೆಟ್ಟದ ಮೇಲೆ, ತೇರಹಳ್ಳಿಯ ಬಳಿ, ಕೋಟಿಗಾನಹಳ್ಳಿ ರಾಮಯ್ಯನವರೂ ಅವರ ಗೆಳೆಯರೂ ಕಟ್ಟಿದ ‘ಆದಿಮ’ದ ಹೆಸರನ್ನು ಓದುಗರು ಕೇಳಿರಬಹುದು. ಹುಣ್ಣಿಮೆಯ ರಾತ್ರಿ ಬಂಡೆಗಳ ನಡುವೆ ‘ಹುಣ್ಣಿಮೆ ಹಾಡು’ ಎಂದು ಹಾಡು, ನಾಟಕಗಳನ್ನು ನಡೆಸಿ ಅವರು ಹೆಸರಾದರು. ಅಂಥ ಕಡೆ ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ನೋಡುತ್ತ ಕುಳಿತರೆ ಒಂದು ಮಾತು ಮನಸ್ಸಿಗೆ ಬರುತ್ತದೆ. ಪಟ್ಟಣದ ಸಭಾಂಗಣದಲ್ಲಿ ನಾವು ನಿಸರ್ಗವನ್ನು ಕುರಿತು ಕಲೆ ಮಾಡುತ್ತೇವೆ. ಇಲ್ಲಿ ಬೆಂಕಿ, ಚರ್ಮ, ಬಂಡೆ, ಬೆಳುದಿಂಗಳು ಇವು ಕಲೆಯ ವಿಷಯವಲ್ಲ, ಅದರ ಪಾಲುದಾರರು. ಅದನ್ನು ನುಡಿಸುವ ಕೈಗಳನ್ನು ಊರು ಬಹುಕಾಲ ದೂರ ಇಟ್ಟಿತ್ತು. ನೆಲಕ್ಕೆ ಎಲ್ಲರಿಗಿಂತ ಹತ್ತಿರವಿದ್ದವರನ್ನು ದೂರವಿಟ್ಟು ನೆಲದ ಅಧ್ಯಾತ್ಮವನ್ನು ನಾವು ಪುಸ್ತಕದಲ್ಲಿ ಹುಡುಕಿದೆವು. ಗಣಿಗೆ ಇಳಿದವರಲ್ಲಿ ಬಹುಮಂದಿ ಅಂಥವರೇ ಎಂಬುದನ್ನೂ ನೆನೆಯಬೇಕು.

ಈಗ ಆ ಮೊದಲ ಆಕ್ಷೇಪಕ್ಕೆ ಮರಳೋಣ. ವಿಷದ ಗುಡ್ಡಕ್ಕೆ ಕೈಮುಗಿದರೆ ವಿಷ ಸುರಿದವರನ್ನು ಬಿಟ್ಟುಕೊಟ್ಟಂತಾಗುವುದಿಲ್ಲವೆ? ಕೈಮುಗಿದು ಸುಮ್ಮನಾದರೆ ಖಂಡಿತವಾಗಿ ಆಗುತ್ತದೆ. ಕೈಯನ್ನು ತಡೆಯದ ಭಕ್ತಿ ಭಕ್ತಿಯಲ್ಲ. ಗಂಗೆಯನ್ನು ಪೂಜಿಸಿ ಅದೇ ಗಂಗೆಗೆ ಬಣ್ಣದ ಗಣಪನನ್ನು ಮುಳುಗಿಸುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಆ ಹುಡುಗಿ ಬರೆದದ್ದು ಗುಡ್ಡದ ಪೂಜೆಯನ್ನೂ ಅಲ್ಲ, ಕ್ಷಮೆಯನ್ನೂ ಅಲ್ಲ. ‘ಚಿನ್ನ ಬೇರೆಯವರು ತಗೊಂಡು ಹೋದ್ರು’ ಎಂದಳಲ್ಲ, ಅಷ್ಟರಲ್ಲಿ ದೂರು ಇದೆ. ‘ತಾತ ಒಳಗಿಂದ ತೆಗೆದದ್ದು’ ಎಂದಳಲ್ಲ, ಅದರಲ್ಲಿ ಹೊಣೆಯೂ ಇದೆ. ತನ್ನವರ ಕೈಯೂ ಇದರಲ್ಲಿ ಇತ್ತೆಂಬುದನ್ನು ಅವಳು ಮುಚ್ಚಲಿಲ್ಲ. ದೂರು ಮತ್ತು ಹೊಣೆ ಎರಡೂ ಒಂದೇ ಮನಸ್ಸಿನಲ್ಲಿ ನಿಲ್ಲುವುದು ದೊಡ್ಡವರಲ್ಲೇ ಅಪರೂಪ. ‘ಅದು ಕಸ’ ಎಂದ ನನ್ನ ಮಾತು ಆ ಎರಡನ್ನೂ ಒಂದೇ ಏಟಿಗೆ ಅಳಿಸಿತು. ಕಸವೆಂದರೆ ಯಾರದೂ ಅಲ್ಲದ್ದು. ಯಾರದೂ ಅಲ್ಲದ್ದಕ್ಕೆ ಯಾರು ಲೆಕ್ಕ ಕೊಡಬೇಕು? ಯೋಚಿಸಿದರೆ, ಕಂಪನಿಯ ಪರವಾಗಿ ಮಾತಾಡಿದವನು ನಾನೇ.

ಮತ್ತೆ, ಕಂಪನಿಯನ್ನು ಬಯ್ಯುವ ನಾವು ಮಾಡುತ್ತಿರುವುದಾದರೂ ಏನು? ಅವರು ಚಿನ್ನಕ್ಕೆ ಅಗೆದರು, ನಾವು ನೀರಿಗೆ ಕೊರೆದೆವು. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಬತ್ತಿಹೋದುವು. ಹಿರಿಯರು ಕಟ್ಟಿದ ಕೆರೆಗಳಲ್ಲಿ ಜಾಲಿ ಬೆಳೆಯಿತು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆರೆ ತುಂಬಿದರೆ ಬಾಗಿನ ಬಿಡುವುದು ನಮ್ಮ ಪದ್ಧತಿ. ಈ ನೀರಿಗೆ ಬಾಗಿನ ಬಿಡಬಹುದೆ? ‘ಗಂಗಮ್ಮ ಯಾವ ದಾರೀಲಿ ಬಂದರೂ ಗಂಗಮ್ಮನೇ’ ಎಂದರು ನಮ್ಮ ಬೀದಿಯ ಅಜ್ಜಿಯೊಬ್ಬರು. ‘ಅದು ಗಂಗೆಯಲ್ಲ, ಊರ ಬಚ್ಚಲು’ ಎಂದ ಅವರ ಮಗ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಈ ಇಬ್ಬರನ್ನೂ ಒಂದೇ ಏರಿಯ ಮೇಲೆ ನಿಲ್ಲಿಸಬಲ್ಲ ಕವಿ ಇಂದು ನಮ್ಮ ಸೀಮೆಗೆ ಬೇಕಾಗಿದ್ದಾನೆ. ಶುದ್ಧವಾದ ಜಲಪಾತವನ್ನು ಹಾಡುವವನಿಗಿಂತ ಅವನ ಕೆಲಸ ಕಷ್ಟದ್ದು.

ಕ್ಷೇಮೇಂದ್ರ ಔಚಿತ್ಯವೇ ಕಾವ್ಯದ ಜೀವವೆಂದ. ಯಾವುದು ಯಾವುದಕ್ಕೆ ಒಪ್ಪುತ್ತದೆ ಎಂಬುದು ಔಚಿತ್ಯ. ಬಂಗಾರಪೇಟೆಯ ಹುಡುಗ ಕಾಣದ ಜಲಪಾತವನ್ನು ಬರೆದರೆ ಅದು ತಪ್ಪೇನಲ್ಲ. ಕನಸು ಕಾಣುವ ಹಕ್ಕು ಒಣನೆಲದವನಿಗೂ ಇದೆ. ಆದರೆ ಅದನ್ನು ಪ್ರಕೃತಿಯೆಂದು ಕರೆದು, ಕಂಡ ಗುಡ್ಡವನ್ನು ಕಸವೆಂದು ಕರೆಯುವ ಅಧ್ಯಾಪಕನದು ಅನೌಚಿತ್ಯ. ಮನೆಯ ಹಿಂದಿನದಕ್ಕೆ ನಾಚಿಕೆಪಡುವುದನ್ನು ಕಲಿಸಿದ ಮೇಲೆ ನಿಸರ್ಗವನ್ನು ಪ್ರೀತಿಸಿರೆಂದು ಎಷ್ಟು ಪಾಠ ಹೇಳಿದರೇನು? ಪ್ರೀತಿ ಹತ್ತಿರದಿಂದ ಮೊದಲಾಗಬೇಕಾದದ್ದು.

ಕಳೆದ ವರ್ಷ ಒಂದು ಸಂಜೆ ಬಂಗಾರಪೇಟೆಯ ಸ್ಟೇಷನ್ನಿನಲ್ಲಿ ಅವಳು ಸಿಕ್ಕಿದಳು. ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಮಂದಿಯಂತೆ ಅವಳೂ ದಿನಾ ಬೆಂಗಳೂರಿಗೆ ಹೋಗಿ ಬರುತ್ತಾಳೆ. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆ ಸೇರುವುದು. ತಾತನ ಪಾಳಿಯೂ ಹೀಗೇ ಇದ್ದಿರಬೇಕು. ನಮಸ್ಕಾರ ಮಾಡಿದಳು. ಕ್ಷೇಮಸಮಾಚಾರವಾಯಿತು. ತಾತ ತೀರಿಕೊಂಡರಂತೆ, ಕೊನೆಗೆ ಉಸಿರಿನ ತೊಂದರೆ.

“ನಿನ್ನ ಆ ಚಿತ್ರದ ವಿಷಯದಲ್ಲಿ ನಾನು ತಪ್ಪು ಮಾಡಿದೆನಮ್ಮ” ಎಂದೆ. ಹೇಳುವುದಕ್ಕೆ ನನಗೆ ಸ್ವಲ್ಪ ಧೈರ್ಯ ಬೇಕಾಯಿತು.

“ಯಾವ ಚಿತ್ರ ಸರ್?” ಎಂದಳು.

ನಿಜವಾಗಿ ಮರೆತಿದ್ದಳೋ, ಮೇಷ್ಟರಿಗೆ ಮುಜುಗರವಾಗಬಾರದೆಂದು ಹಾಗೆಂದಳೋ ತಿಳಿಯದು. ಮುಂದೇನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಮಾರಿಕುಪ್ಪಂ ಗಾಡಿ ಬಂತು. ಕಿಟಕಿಯ ಬಳಿ ಜಾಗ ಹಿಡಿದು ಕೈಬೀಸಿದಳು.

ಈಗಲೂ ಸ್ಪರ್ಧೆಗೆ ವಿಷಯ ಸೂಚಿಸುವವನು ನಾನೇ. ‘ಪ್ರಕೃತಿ ಮತ್ತು ದೈವ’ ಎಂಬುದನ್ನು ಬಿಟ್ಟಿದ್ದೇನೆ. ‘ನಿಮ್ಮ ಮನೆಯ ಬಾಗಿಲಿನಿಂದ ಕಾಣುವುದು’ ಎಂದು ಕೊಡುತ್ತೇನೆ. ಈ ವರ್ಷ ಹನ್ನೊಂದು ಚಿತ್ರಗಳು ಬಂದುವು. ನಾಲ್ಕರಲ್ಲಿ ಆ ಬೂದು ಗುಡ್ಡವಿತ್ತು. ಒಂದರಲ್ಲಿ ಅದರ ಕೊರಕಲಿನಲ್ಲಿ ಹುಟ್ಟಿದ ಒಂದು ಗಿಡವೂ ಇತ್ತು. ಗಿಡದ ಹೆಸರೇನೆಂದು ಕೇಳಿದೆ. ಬರೆದವನಿಗೆ ತಿಳಿಯದು, ನನಗೂ ತಿಳಿಯದು. ಭಾನುವಾರ ಇಬ್ಬರೂ ಹೋಗಿ ನೋಡಿಕೊಂಡು ಬರುವುದೆಂದು ಮಾತಾಗಿದೆ.